ಡಚ್ ಲೇಖಕರ ಓದು ಮತ್ತು ಮಾತುಕತೆಯ ಸಂಜೆಗಳು: ಹೋಗಿ ಬಂದವರು ಏನಂತೀರಿ?

ಉಟ್ರೆಕ್ಟ್ ಓದುಗ

ನೆದರ್ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಕಡೆ ಇರುವವರಿಗೆ ಒಂದು ಪ್ರಶ್ನೆ. ಇಲ್ಲಿ ಲೇಖಕರು ಬಂದು ತಮ್ಮ ಪುಸ್ತಕದಿಂದ ಓದಿ, ಆಮೇಲೆ ಒಬ್ಬರು ಅವರನ್ನು ಮಾತಾಡಿಸುವ ಸಂಜೆಗಳು ನಡೆಯುತ್ತವಲ್ಲ, ಅದಕ್ಕೆ ನಮ್ಮವರು ಯಾರಾದರೂ ಹೋಗುತ್ತೀರಾ? ನನಗೆ ಗೊತ್ತಿರುವ ಕನ್ನಡಿಗರಲ್ಲಿ ಓದುವವರು ತುಂಬಾ ಜನ ಇದ್ದಾರೆ. ಊರಿಗೆ ಹೋದರೆ ಸೂಟ್‌ಕೇಸ್ ತುಂಬಾ ಪುಸ್ತಕ ತರುತ್ತಾರೆ. ಆದರೆ ಸೈಕಲ್ ತುಳಿದುಕೊಂಡು ಹೋದರೆ ಸಿಗುವ ಲೈಬ್ರರಿಯಲ್ಲೇ ಇಂಥದ್ದು ನಡೆಯುತ್ತಿದೆ ಅನ್ನುವುದು ಅವರಿಗೆ ಗೊತ್ತೇ ಇರುವುದಿಲ್ಲ.

ಹೋಗದವರಿಗೆ ಸ್ವಲ್ಪ ಹೇಳುತ್ತೇನೆ. ಸಾಮಾನ್ಯವಾಗಿ ರಾತ್ರಿ ಎಂಟಕ್ಕೆ ಶುರು. ವೇದಿಕೆ ಮೇಲೆ ಎರಡು ಕುರ್ಚಿ, ಒಂದು ಸಣ್ಣ ಟೇಬಲ್, ನೀರು. ಗಣ್ಯರ ಪರಿಚಯ, ಹಾರ, ಅಧ್ಯಕ್ಷರ ಭಾಷಣ ಯಾವುದೂ ಇಲ್ಲ. ಲೇಖಕರು ಹತ್ತು-ಹದಿನೈದು ನಿಮಿಷ ಓದುತ್ತಾರೆ, ಆಮೇಲೆ ಸಂದರ್ಶನ. ನಡುವೆ ವಿರಾಮ, ಕಾಫಿಯೋ ವೈನೋ. ಮತ್ತೆ ಒಂದಿಷ್ಟು ಓದು, ಕೂತವರ ಪ್ರಶ್ನೆಗಳು, ಕೊನೆಗೆ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವ ಸಾಲು. ಹೆಚ್ಚಿನ ಕಡೆ ಟಿಕೆಟ್ ಇರುತ್ತದೆ, ಲೇಖಕರಿಗೆ ಸಂಭಾವನೆ ಇರುತ್ತದೆ. ಲೈಬ್ರರಿ, ಶಾಲೆ, ಪುಸ್ತಕದಂಗಡಿಗಳಿಗೆ ಲೇಖಕರನ್ನು ಗೊತ್ತುಮಾಡಿ ಕೊಡುವುದಕ್ಕೆಂದೇ ಸ್ಖ್ರೈವರ್ಸ್‌ಸೆಂಟ್ರಾಲೆ ಅಂತ ಒಂದು ಸಂಸ್ಥೆ ಇದೆ. ಹಾಗಾಗಿ ಸಣ್ಣ ಊರಿನ ಲೈಬ್ರರಿಯವರೂ ದೊಡ್ಡ ಹೆಸರಿನ ಲೇಖಕರನ್ನು ಕರೆಸಬಹುದು.

ಜಾಗಗಳೂ ಚೆನ್ನಾಗಿರುತ್ತವೆ. ನಮ್ಮ ಉಟ್ರೆಕ್ಟ್‌ನ ಮುಖ್ಯ ಲೈಬ್ರರಿ ಇರುವುದು 1924ರ ಹಳೇ ಪೋಸ್ಟ್ ಆಫೀಸ್ ಕಟ್ಟಡದಲ್ಲಿ. 2020ರಲ್ಲಿ ಅದನ್ನು ಲೈಬ್ರರಿ ಮಾಡಿದರು. ಟಿಲ್ಬರ್ಗ್‌ನವರು ರೈಲು ಎಂಜಿನ್‌ಗಳ ಹಳೇ ಶೆಡ್ಡನ್ನೇ ಲೈಬ್ರರಿ ಮಾಡಿಕೊಂಡಿದ್ದಾರೆ. ಮಾರ್ಚ್ ಬಂತು ಅಂದರೆ ಪುಸ್ತಕ ವಾರ, ಇಲ್ಲಿಯವರು ಬೂಕನ್‌ವೇಕ್ ಅನ್ನುತ್ತಾರೆ. 1932ರಿಂದ ನಡೆದುಕೊಂಡು ಬಂದಿದೆ. ಆಗಂತೂ ದೇಶದ ಮೂಲೆಮೂಲೆಯಲ್ಲಿ ಇಂಥ ಸಂಜೆಗಳು.

ಇಷ್ಟು ವರ್ಷ ಹೋಗಿ ಬಂದ ಮೇಲೆ ನನಗೆ ಅನಿಸಿರುವುದು ಒಂದೇ. ಲೇಖಕರು ಎಷ್ಟೇ ದೊಡ್ಡವರಿರಲಿ, ಆ ಸಂಜೆ ಉಳಿಯುವುದೂ ಕೆಡುವುದೂ ಎದುರು ಕುರ್ಚಿಯಲ್ಲಿ ಕೂತವರ ಕೈಯಲ್ಲಿ. ಪುಸ್ತಕವನ್ನು ನಿಜವಾಗಿ ಓದಿ ಬಂದವರು ಕೇಳುವ ಪ್ರಶ್ನೆಯೇ ಬೇರೆ. ಹಿಂಬದಿಯ ಹೊದಿಕೆ ಮಾತ್ರ ಓದಿ ಬಂದವರು ಕೇಳುವುದೇ ಬೇರೆ. ನೀವು ಏನಂತೀರಿ? ಯಾವ ಕಾರ್ಯಕ್ರಮ ಒಳ್ಳೆಯದು, ಎಷ್ಟು ಡಚ್ ಬೇಕು, ಎಲ್ಲವನ್ನೂ ಬರೆಯಿರಿ.

ಹೇಗ್ ಅಕ್ಕ

ಒಳ್ಳೆಯ ವಿಷಯ ಎತ್ತಿದಿರಿ. ಹೇಗ್‌ನಲ್ಲಿ ಇರುವವರು ಜನವರಿಯ ವಿಂಟರ್‌ನಖ್ಟನ್ ಉತ್ಸವವನ್ನು ಬಿಡಬೇಡಿ. 1995ರಲ್ಲಿ ಶುರುವಾಗಿದ್ದು. ಡಚ್ ಸಾಹಿತ್ಯ ಅಂದರೆ ಆಮ್ಸ್ಟರ್‌ಡ್ಯಾಮ್‌ನ ಕಾಲುವೆ ಪಕ್ಕದ ಮನೆಗಳ ಕತೆ ಅಷ್ಟೇ ಅಂದುಕೊಂಡವರು ಅಲ್ಲಿ ಒಂದು ರಾತ್ರಿ ಕೂರಬೇಕು. ಇಂಡೊನೇಷ್ಯಾ, ದಕ್ಷಿಣ ಅಮೆರಿಕದ ಸುರಿನಾಮ್, ಕೆರಿಬಿಯನ್ ದ್ವೀಪಗಳು, ದಕ್ಷಿಣ ಆಫ್ರಿಕಾ, ಹೀಗೆ ಡಚ್ಚರು ಆಳಿದ ಕಡೆಯ ಲೇಖಕರನ್ನು ಕರೆಸಿ ಮಾತಾಡಿಸುವುದರಿಂದಲೇ ಆ ಉತ್ಸವ ಬೆಳೆದದ್ದು.

ನಾನು ಇದಕ್ಕೆ ಅಂಟಿಕೊಂಡಿರುವುದಕ್ಕೆ ಕಾರಣ ಇದೆ. ನಮ್ಮ ಬೀದಿಯಲ್ಲಿ ಸುರಿನಾಮ್‌ನಿಂದ ಬಂದ ಹಿಂದೂಸ್ತಾನಿ ಕುಟುಂಬಗಳು ಜಾಸ್ತಿ. ಅವರ ಹಿರಿಯರು 1873ರಲ್ಲಿ ಲಲ್ಲಾ ರೂಖ್ ಅನ್ನುವ ಹಡಗಿನಿಂದ ಶುರುವಾಗಿ 1916ರವರೆಗೆ ಕಲ್ಕತ್ತಾದಿಂದ ಕೂಲಿಗೆ ಅಂತ ಹೋದವರು, ಒಟ್ಟು ಸುಮಾರು 34 ಸಾವಿರ ಜನ, ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮನೆಯಲ್ಲಿ ಭೋಜಪುರಿ ಕಡೆಯ ಮಾತುಗಳಿಂದ ಬೆಳೆದ ಸರ್ನಾಮಿ ಭಾಷೆ, ಶಾಲೆಯಲ್ಲಿ ಡಚ್. 1975ರಲ್ಲಿ ಸುರಿನಾಮ್ ಸ್ವತಂತ್ರ ಆಗುವ ಹೊತ್ತಿಗೆ ತುಂಬಾ ಜನ ಇಲ್ಲಿಗೆ ಬಂದರು. ಅವರಲ್ಲಿ ಬರೆಯುವವರು ಇದ್ದಾರೆ, ಒಳ್ಳೆಯ ಕವಿಗಳು ಇದ್ದಾರೆ. ಶ್ರೀನಿವಾಸಿ ಅನ್ನುವ ಹೆಸರಿನಲ್ಲಿ ಬರೆದವರು ಡಚ್‌ನಲ್ಲಿ ಬರೆದರು, ಹಿಂದಿಯಲ್ಲೂ ಸರ್ನಾಮಿಯಲ್ಲೂ ಬರೆದರು. 2019ರಲ್ಲಿ ತೀರಿಕೊಂಡರು. ಜೀತ್ ನಾರಾಯಣ್ ಇದೇ ಹೇಗ್‌ನಲ್ಲಿ ಡಾಕ್ಟರಾಗಿದ್ದುಕೊಂಡು ಸರ್ನಾಮಿಯಲ್ಲಿ ಕವಿತೆ ಬರೆದವರು. ಆಮೇಲೆ ಸುರಿನಾಮ್‌ಗೆ ವಾಪಸ್ ಹೋದರು.

ಇಂಥ ಕವಿತೆಗಳನ್ನು ಜೋರಾಗಿ ಓದುವುದನ್ನು ಕೇಳಿದಾಗ ಮೈ ಜುಮ್ ಅನ್ನುತ್ತದೆ. ಪುಟದ ಮೇಲೆ ಓದಿದರೆ ನನಗೆ ಅರ್ಧ ಗೊತ್ತಾಗುವುದಿಲ್ಲ. ಕಿವಿಗೆ ಬಿದ್ದರೆ ಭೋಜಪುರಿ ಹಾಡು ಕೇಳಿದ ಹಾಗೆ ಒಳಗೆ ಇಳಿಯುತ್ತದೆ.

ಮತ್ತೆ ನೀವು ಹೇಳಿದ ಸಂದರ್ಶಕರ ವಿಷಯ. ಇಂಥ ಲೇಖಕರು ಬಂದಾಗ ಅದು ಇನ್ನೂ ಎದ್ದು ಕಾಣುತ್ತದೆ. ಒಂದು ಕಡೆ, ಹೆಸರು ಬೇಡ, ಸುರಿನಾಮ್ ಮೂಲದ ಒಬ್ಬ ಕಾದಂಬರಿಕಾರ್ತಿಯನ್ನು ಕೂರಿಸಿಕೊಂಡು ಅರ್ಧ ಗಂಟೆ ಬರೀ "ನಿಮಗೆ ಇಲ್ಲಿ ಹೇಗನಿಸುತ್ತದೆ, ನೀವು ಎಲ್ಲಿಯವರು ಅನಿಸುತ್ತದೆ" ಅಂತಲೇ ಕೇಳಿದರು. ಅವರು ಕಾದಂಬರಿಯನ್ನು ಮೂರು ತಲೆಮಾರಿನ ಹೆಂಗಸರ ಧ್ವನಿಯಲ್ಲಿ ಕಟ್ಟಿದ್ದರು. ಅದರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಬರವಣಿಗೆ ಹೇಗೆ ಮಾಡಿದಿರಿ ಅಂತ ಅವರನ್ನು ಯಾಕೆ ಕೇಳಬಾರದು? ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಲೇಖಕರನ್ನು ಮಾತ್ರ ಕೇಳಿದರು. ನನಗೆ ಆವತ್ತು ತುಂಬಾ ಬೇಜಾರಾಯಿತು.

ಗೆಂಟ್ ಹುಡುಗ

ಬೆಲ್ಜಿಯಂ ಕಡೆಯಿಂದ ನನ್ನದೊಂದು ಮಾತು. ಡಚ್ ಭಾಷೆಯ ಲೇಖಕರು ಅಂದಾಗ ಫ್ಲಾಂಡರ್ಸ್, ಅಂದರೆ ಬೆಲ್ಜಿಯಂನ ಡಚ್ ಮಾತಾಡುವ ಭಾಗ, ಮರೆಯಬೇಡಿ. ಇಲ್ಲಿಯವರು ವೇದಿಕೆಗೆ ಬಂದರೆ ಅದರ ಖದರೇ ಬೇರೆ.

ಆಂಟ್‌ವರ್ಪ್‌ನ ಬೆಹೌಡ್ ಡೆ ಬೆಗೇರ್ಟೆ ಅನ್ನುವ ಸಂಸ್ಥೆ 1984ರಿಂದ ಸಾಹಿತ್ಯವನ್ನು ರಂಗಮಂದಿರಕ್ಕೆ ತರುವ ಕೆಲಸ ಮಾಡುತ್ತಿದೆ. ಅವರ ಸೇಂಟ್ ಅಮೂರ್ ಕಾರ್ಯಕ್ರಮ ಪ್ರೇಮಿಗಳ ದಿನದ ಆಸುಪಾಸಿನಲ್ಲಿ ಊರೂರು ಸುತ್ತುತ್ತದೆ. ಫ್ಲಾಂಡರ್ಸ್‌ನ ಊರುಗಳು, ಗಡಿ ದಾಟಿ ನೆದರ್ಲ್ಯಾಂಡ್ಸ್‌ಗೂ. ವಿಷಯ ಪ್ರೀತಿ. ಹಲವು ಲೇಖಕರು, ಜೊತೆಗೆ ಸಂಗೀತ. ಬಸ್ಸಿನಲ್ಲಿ ನಾಟಕ ಕಂಪನಿ ಹೋದ ಹಾಗೆ ಲೇಖಕರ ತಂಡ ಒಂದೂರಿಂದ ಇನ್ನೊಂದೂರಿಗೆ ಹೋಗಿ ಓದುತ್ತದೆ ಅಂದರೆ ನನಗೆ ಮೊದಲು ನಂಬಿಕೆ ಬರಲಿಲ್ಲ.

ಟಾಮ್ ಲನೋಯ್ ಓದುವುದನ್ನು ಒಮ್ಮೆಯಾದರೂ ಕೇಳಿ. ಸಿಂಟ್ ನಿಕ್ಲಾಸ್ ಊರಿನ ಮಾಂಸದಂಗಡಿಯವರ ಮನೆಯ ಮಗ. ಅವರ ತಾಯಿ ಹವ್ಯಾಸಿ ನಟಿ. ಪಾರ್ಶ್ವವಾಯು ಹೊಡೆದು ಆಕೆಯ ಮಾತು ಹೋಯಿತು. ಅದರ ಬಗ್ಗೆ ಅವರು 2009ರಲ್ಲಿ ಪುಸ್ತಕ ಬರೆದರು, ಆಮೇಲೆ ಅದನ್ನೇ ಒಬ್ಬರೇ ವೇದಿಕೆ ಮೇಲೆ ನಿಂತು ಆಡಿ ತೋರಿಸಿದರು. ನಾಟಕದ ಮಾತೇ ಉಸಿರಾಗಿದ್ದ ತಾಯಿಗೆ ಮಾತು ಹೋದ ಕತೆಯನ್ನು ಮಗ ಅಷ್ಟು ದೊಡ್ಡ ದನಿಯಲ್ಲಿ ಹೇಳುವಾಗ ಎದುರು ಕುರ್ಚಿಯಲ್ಲಿ ಯಾರೂ ಬೇಕಾಗುವುದಿಲ್ಲ. ಹಾಗಾಗಿ ಉಟ್ರೆಕ್ಟ್ ಓದುಗರೇ, ಸಂದರ್ಶಕರಿಗೆ ನೀವು ಕೊಡುವ ಜಾಗ ಸ್ವಲ್ಪ ಜಾಸ್ತಿ ಆಯಿತು ಅಂತ ನನಗನಿಸುತ್ತದೆ. ಚೆನ್ನಾಗಿ ಓದುವ ಲೇಖಕರಿಗೆ ಸುಮ್ನೆ ಓದಲು ಬಿಡಬೇಕು.

ಬಸವನಗುಡಿ ಮೇಷ್ಟ್ರು

ನಾನು ಐಂಡ್‌ಹೋವನ್‌ನಲ್ಲಿ ಮಗಳ ಮನೆಗೆ ಬಂದಾಗ ಇಂಥ ಕಾರ್ಯಕ್ರಮ ನೋಡಿದ್ದೇನೆ. ಅಳಿಯ ಕಿವಿಯಲ್ಲಿ ಸಾರಾಂಶ ಹೇಳುತ್ತಿದ್ದ. ವ್ಯವಸ್ಥೆ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ತಕರಾರು ಮೂಲದ್ದು.

ಬರೆಯುವುದು ಒಬ್ಬರೇ ಕೂತು ಮಾಡುವ ಕೆಲಸ, ಓದುವುದೂ ಹಾಗೆಯೇ. ಇವೆರಡರ ನಡುವೆ ವೇದಿಕೆ ಯಾಕೆ? ಚೆನ್ನಾಗಿ ಮಾತಾಡುವವರ ಪುಸ್ತಕ ಹೋಗುತ್ತದೆ. ಸಂಕೋಚದವರು, ತೊದಲುವವರು, ನಾಲ್ಕು ಜನರ ಮುಂದೆ ನಿಲ್ಲಲು ಆಗದವರು ಹಿಂದೆ ಉಳಿಯುತ್ತಾರೆ. ಒಳ್ಳೆಯ ಬರಹಗಾರರಲ್ಲಿ ಅಂಥವರೇ ಜಾಸ್ತಿ ಅಂತ ನನ್ನ ಅನುಭವ. ನಾಲ್ಕು ಜನ ನಗುವ ಹಾಗೆ ಉತ್ತರ ಕೊಡುವುದು ಕಾದಂಬರಿಕಾರನ ಕೆಲಸವೇ ಅಲ್ಲ.

ಡಚ್ಚರ ಒಂದು ಪದ್ಧತಿ ಮಾತ್ರ ನನಗೆ ಬಹಳ ಹಿಡಿಸಿತು. ಖೆರಾರ್ಡ್ ರೇವೆ ಅವರ "ಡೆ ಆವೊಂಡನ್" ಕಾದಂಬರಿ 1947ರದ್ದು. ಕತೆ ನಡೆಯುವುದು 1946ರ ಡಿಸೆಂಬರ್ 22ರಿಂದ 31ರವರೆಗೆ, ಹತ್ತು ಅಧ್ಯಾಯ, ದಿನಕ್ಕೊಂದು. ಪ್ರತಿ ವರ್ಷ ಆ ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಅದನ್ನು ಮತ್ತೆ ಓದುವ ಜನ ಈಗಲೂ ಇದ್ದಾರೆ. ರೇವೆ ತೀರಿಕೊಂಡು ಎಷ್ಟೋ ವರ್ಷ ಆಯಿತು. ಕುರ್ಚಿ ಇಲ್ಲ, ಮೈಕ್ ಇಲ್ಲ, ಟಿಕೆಟ್ ಇಲ್ಲ. ಪುಸ್ತಕ ಮತ್ತು ಓದುಗ, ಅಷ್ಟೇ. ಸಾಹಿತ್ಯದ ಸಂಜೆ ಅಂದರೆ ನನಗೆ ಅದು.

ಉಟ್ರೆಕ್ಟ್ ಓದುಗ

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಹುರುಳಿದೆ, ಆದರೂ ಪೂರ್ತಿ ಒಪ್ಪಲಾರೆ. ನೀವು ಹೇಳಿದ ಅದೇ ಪುಸ್ತಕವನ್ನು ರೇವೆ ತಾವೇ ಮೊದಲಿಂದ ಕೊನೆಯವರೆಗೆ ಓದಿರುವ ಧ್ವನಿಮುದ್ರಣ ಇದೆ. ಡಿಸೆಂಬರ್ ಕೊನೆಯಲ್ಲಿ ಅದನ್ನು ಹಾಕಿಕೊಂಡು ಕೇಳುವವರೂ ಇದ್ದಾರೆ. ಲೇಖಕರ ಧ್ವನಿ ಬೇಕು ಅನ್ನುವ ಆಸೆ ಓದುಗರದ್ದೇ, ಅದನ್ನು ಯಾವ ಪ್ರಕಾಶಕರೂ ಹುಟ್ಟಿಸಿಲ್ಲ.

ಸಂಕೋಚದ ಲೇಖಕರ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಸಂದರ್ಶಕರು ಇರಬೇಕಾದದ್ದು ಅವರಿಗಾಗಿಯೇ ಅಲ್ವಾ? ಚೆನ್ನಾಗಿ ಮಾತಾಡುವವರಿಗೆ ಯಾರ ಸಹಾಯವೂ ಬೇಕಿಲ್ಲ. ನಾನು ನೋಡಿದ ಒಂದು ಸಂಜೆ ಹೇಳುತ್ತೇನೆ. ಸಣ್ಣ ಪುಸ್ತಕದಂಗಡಿ, ಕಪಾಟುಗಳನ್ನು ಪಕ್ಕಕ್ಕೆ ಸರಿಸಿ ಮಡಚುವ ಕುರ್ಚಿ ಹಾಕಿದ್ದರು. ಲೇಖಕಿ ಮೊದಲ ಕಾದಂಬರಿ ಬರೆದವರು, ಕೈ ನಡುಗುತ್ತಿತ್ತು, ಮೊದಲ ಮೂರು ಪ್ರಶ್ನೆಗೆ ಒಂದೊಂದು ಸಾಲು ಉತ್ತರ. ಆಗ ಸಂದರ್ಶಕಿ ತಮ್ಮ ಪಟ್ಟಿ ಕೆಳಗಿಟ್ಟು, ಪುಸ್ತಕ ತೆಗೆದು ಒಂದು ಪುಟ ಹೇಳಿ, "ಇಲ್ಲಿ ಅಪ್ಪ ಊಟದ ಮೇಜಿನಿಂದ ಎದ್ದು ಹೋಗುತ್ತಾನೆ, ಆಮೇಲೆ ನೀವು ಎರಡು ಪುಟ ಬರೀ ಅಡುಗೆಮನೆಯ ಸಾಮಾನುಗಳನ್ನೇ ಬರೆದಿದ್ದೀರಿ, ಇದನ್ನು ಓದಿ ತೋರಿಸುತ್ತೀರಾ?" ಅಂದರು. ಅವರು ಓದಿದರು. ಓದಿ ಮುಗಿಸಿ ತಾವಾಗಿಯೇ ಮಾತಾಡಲು ಶುರು ಮಾಡಿದರು. ಆ ಎರಡು ಪುಟವನ್ನು ಸಂಪಾದಕರು ತೆಗೆಯಿರಿ ಅಂದಿದ್ದರಂತೆ, ಇವರು ಹಟ ಹಿಡಿದು ಉಳಿಸಿಕೊಂಡರಂತೆ. ಮನೆಯಲ್ಲಿ ಒಬ್ಬನೇ ಕೂತು ಓದಿದ್ದರೆ ನಾನು ಆ ಪುಟಗಳನ್ನು ಬೇಗ ತಿರುಗಿಸುತ್ತಿದ್ದೆ.

ಇದಕ್ಕೆ ಇಲ್ಲಿ ಹಳೆಯ ಪರಂಪರೆಯೂ ಇದೆ. ಆಡ್ರಿಯಾನ್ ಫಾನ್ ಡಿಸ್ 1983ರಿಂದ 1992ರವರೆಗೆ ಟಿವಿಯಲ್ಲಿ ಲೇಖಕರನ್ನು ಸಭಿಕರ ಮುಂದೆ ಕೂರಿಸಿ ಮಾತಾಡಿಸುತ್ತಿದ್ದರು. ಅವರೇ ದೊಡ್ಡ ಕಾದಂಬರಿಕಾರರು. ಇಂಡೊನೇಷ್ಯಾದಿಂದ ವಾಪಸ್ ಬಂದ ಕುಟುಂಬದಲ್ಲಿ ಹುಟ್ಟಿದವರು. ಬರೆಯುವವರೇ ಬರೆಯುವವರನ್ನು ಕೇಳಿದಾಗ ಪ್ರಶ್ನೆ ಪುಸ್ತಕದ ಒಳಗಿಂದ ಬರುತ್ತದೆ.

ಕೆಡುವುದು ಯಾವಾಗ ಅಂದರೆ, "ಇದು ನಿಮ್ಮದೇ ಕತೆಯಾ?" ಅನ್ನುವ ಒಂದೇ ಪ್ರಶ್ನೆಗೆ ಗಂಟುಬಿದ್ದಾಗ. ಮರೀಕೆ ಲುಕಾಸ್ ರೈನೆವೆಲ್ಡ್ ಅವರನ್ನೇ ತೆಗೆದುಕೊಳ್ಳಿ. 2018ರಲ್ಲಿ ಬಂದ ಮೊದಲ ಕಾದಂಬರಿ. ಹೈನುಗಾರಿಕೆ ಮಾಡುವ ಕಟ್ಟಾ ಕ್ರೈಸ್ತ ಕುಟುಂಬದ ಹುಡುಗಿ, ಐಸ್ ಮೇಲೆ ಸ್ಕೇಟಿಂಗ್‌ಗೆ ಹೋದ ಅಣ್ಣ ಸಾಯುತ್ತಾನೆ, ಆಮೇಲೆ ಅವಳು ಮೈಮೇಲಿನ ಕೋಟನ್ನು ತೆಗೆಯುವುದೇ ಇಲ್ಲ. ರೈನೆವೆಲ್ಡ್ ಬೆಳೆದದ್ದೂ ಅಂಥದೇ ಮನೆಯಲ್ಲಿ, ಚಿಕ್ಕಂದಿನಲ್ಲೇ ಅಣ್ಣನನ್ನು ಕಳೆದುಕೊಂಡವರು. ಇದು ಗೊತ್ತಾದ ಕೂಡಲೇ ಎಲ್ಲರ ಗಮನ ಆ ಸಾವಿನ ಕಡೆಗೇ ಹೋಗುತ್ತದೆ. ಆದರೆ ಆ ಪುಸ್ತಕ ನಿಂತಿರುವುದು ಹತ್ತು ವರ್ಷದ ಹುಡುಗಿಯ ಕಣ್ಣಿಗೆ ದನ, ಕಪ್ಪೆ, ದೇವರು, ಅಮ್ಮ ಎಲ್ಲವೂ ಕಾಣುವ ರೀತಿಯ ಮೇಲೆ. ಅದನ್ನು ಕೇಳಬೇಕು. ದುಃಖವನ್ನು ಕೆದಕುವುದು ಸುಲಭ, ಅದಕ್ಕೆ ಪುಸ್ತಕ ಓದುವುದೇ ಬೇಕಿಲ್ಲ.

ಆಮ್ಸ್ಟಲ್‌ವೇನ್ ಹೊಸಬಳು

ಎಲ್ಲರೂ ಬರೆದದ್ದನ್ನು ಓದಿ ಹೋಗಬೇಕು ಅನಿಸುತ್ತಿದೆ. ನನ್ನ ಡಚ್ ಬಿ1 ಮಟ್ಟದ್ದು. ಅಂಗಡಿ, ಆಫೀಸು ನಡೆಯುತ್ತದೆ. ಪೇಪರ್ ಓದುತ್ತೇನೆ, ನಿಧಾನ. ಇಷ್ಟು ಸಾಕಾಗುತ್ತದಾ? ಒಬ್ಬಳೇ ಹೋದರೆ ಮುಜುಗರ ಆಗುತ್ತದಾ? ಅಲ್ಲಿ ಎಲ್ಲರೂ ವಯಸ್ಸಾದವರೇ ಇರುತ್ತಾರೆ ಅಂತ ಗೆಳತಿ ಹೇಳಿದಳು.

ಹೇಗ್ ಅಕ್ಕ

ಸಾಕಾಗುತ್ತದಮ್ಮ, ಧೈರ್ಯವಾಗಿ ಹೋಗು. ಆದರೆ ಸ್ವಲ್ಪ ತಯಾರಿ ಬೇಕು. ಲೈಬ್ರರಿಯಿಂದ ಆ ಪುಸ್ತಕ ಮೊದಲೇ ತಂದು ಮೊದಲ ಅಧ್ಯಾಯ ಓದಿಕೊಂಡು ಹೋಗು, ಹೆಚ್ಚಾಗಿ ಅದರಿಂದಲೇ ಓದುತ್ತಾರೆ. ಆಗ ಓದುವ ಭಾಗ ಪೂರ್ತಿ ಅರ್ಥ ಆಗುತ್ತದೆ, ಸಂದರ್ಶನದಲ್ಲಿ ಮುಕ್ಕಾಲು ಸಿಗುತ್ತದೆ. ಕಷ್ಟ ಆಗುವುದು ಸಭಿಕರ ಪ್ರಶ್ನೆಗಳು, ಅದರಲ್ಲೂ ಹಳ್ಳಿ ಕಡೆಯವರ ಮಾತು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಮೊದಲ ಸಲ ಫ್ಲಾಂಡರ್ಸ್‌ನವರ ಕಾರ್ಯಕ್ರಮಕ್ಕೆ ಹೋಗಬೇಡ, ಕಿವಿ ಇನ್ನೂ ಪಳಗಬೇಕು. (ಗೆಂಟ್‌ನವರು ಬೇಜಾರು ಮಾಡಿಕೊಳ್ಳಬಾರದು, ನನಗೆ ಅವರ ಮಾತು ತುಂಬಾ ಇಷ್ಟ.) ವಯಸ್ಸಾದವರು ಜಾಸ್ತಿ ಇರುವುದು ನಿಜ, ಲೈಬ್ರರಿಯ ಸಂಜೆಗಳಲ್ಲಂತೂ ಬೆಳ್ಳಿ ಕೂದಲೇ ಕಾಣುವುದು. ಆದರೆ ಅವರೇ ನಿನ್ನ ಪಕ್ಕ ಕೂತು ವಿರಾಮದಲ್ಲಿ ಮಾತಾಡಿಸುತ್ತಾರೆ, ನಿಧಾನವಾಗಿ, ಇಂಗ್ಲಿಷ್‌ಗೆ ತಿರುಗದೆ. ನನ್ನ ಡಚ್ ಬೆಳೆದದ್ದೇ ಆ ವಿರಾಮಗಳಲ್ಲಿ. ಬಾಯಿಮಾತಿನ ಕವಿತೆಯ ಕಾರ್ಯಕ್ರಮಗಳಿಗೆ ಹೋದರೆ ಪೂರ್ತಿ ನಿನ್ನ ವಯಸ್ಸಿನವರು. ಬಾಬ್ಸ್ ಖೋನ್ಸ್ ಅಂತ ಒಬ್ಬರು ಇದ್ದಾರೆ, ವೇದಿಕೆಯ ಕವಿತೆಯಿಂದಲೇ ಹೆಸರಾದವರು, 2023ರಲ್ಲಿ ದೇಶದ ಕವಿಯಾಗಿ ಆಯ್ಕೆಯಾದರು. ಅವರು ಓದುವುದು ಎಷ್ಟು ಸ್ಪಷ್ಟ ಅಂದರೆ ಒಂದೊಂದು ಪದವೂ ಕಿವಿಗೆ ಸಿಗುತ್ತದೆ.

ಪುಸ್ತಕ ವಾರದಲ್ಲಿ ಅಂಗಡಿಯಲ್ಲಿ ಡಚ್ ಪುಸ್ತಕ ಕೊಂಡರೆ, ಇಷ್ಟು ಮೊತ್ತ ಅಂತ ಇರುತ್ತದೆ, ಒಂದು ಸಣ್ಣ ಪುಸ್ತಕ ಉಡುಗೊರೆ ಕೊಡುತ್ತಾರೆ. ಆ ವಾರಕ್ಕೆಂದೇ ಒಬ್ಬ ಹೆಸರಾಂತ ಲೇಖಕರಿಂದ ಬರೆಸಿದ್ದು. ನೂರು ಪುಟದ ಒಳಗೇ ಇರುವುದು ಹೆಚ್ಚು, ನಿನ್ನ ಮಟ್ಟಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಹೆಲ್ಲಾ ಹಾಸ್ಸೆ ಅವರ "ಊರೂಖ್" ಹೀಗೆ 1948ರಲ್ಲಿ ಉಡುಗೊರೆಯಾಗಿ ಬಂದ ಪುಸ್ತಕ, ಜಾವಾದ ತೋಟದಲ್ಲಿ ಬೆಳೆದ ಡಚ್ ಹುಡುಗ ಮತ್ತು ಅಲ್ಲಿಯ ಹುಡುಗನ ಸ್ನೇಹದ ಕತೆ. ಇವತ್ತಿಗೂ ಅದನ್ನು ಓದುತ್ತಾರೆ. ಅಲ್ಲಿಂದ ಶುರು ಮಾಡು.

ಅನುವಾದಕಿ, ಮೈಸೂರು

ಇಷ್ಟು ಹೊತ್ತು ಓದುತ್ತಾ ಇದ್ದೆ. ಯಾರೂ ಎತ್ತದ ಒಂದು ವಿಷಯ ಹೇಳಲೇಬೇಕು. ಆ ವೇದಿಕೆಯ ಮೇಲೆ ಎರಡು ಕುರ್ಚಿ ಅಂದಿರಿ. ಮೂರನೆಯದು ಎಲ್ಲಿ?

ಡಚ್ ಲೇಖಕರು ಹೊರಗಿನ ಓದುಗರಿಗೆ ಸಿಕ್ಕಿದ್ದು ಅನುವಾದಕರಿಂದ. ರೈನೆವೆಲ್ಡ್ ಅವರಿಗೆ 2020ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ 50,000 ಪೌಂಡಿನಲ್ಲಿ ಅರ್ಧ ಇಂಗ್ಲಿಷ್‌ಗೆ ತಂದ ಮಿಷೆಲ್ ಹಚಿಸನ್ ಅವರದ್ದು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಬಂದಾಗ ದೀಪಾ ಭಾಸ್ತಿ ಅವರೊಂದಿಗೆ ಹಾಗೆಯೇ ಹಂಚಿಕೆ. ಆ ರಾತ್ರಿ ಇಬ್ಬರೂ ಒಟ್ಟಿಗೆ ನಿಂತದ್ದನ್ನು ನೋಡಿ ನನಗೆ ಎಷ್ಟು ಖುಷಿ ಆಯಿತು ಅಂತ ಹೇಳಲಾರೆ. ಡಚ್‌ಗೂ ಅದು ಮೊದಲ ಸಲ, ಕನ್ನಡಕ್ಕೂ ಮೊದಲ ಸಲ.

ಡಚ್ ಮಾತಾಡುವವರು ಸುಮಾರು ಎರಡೂವರೆ ಕೋಟಿ. ಕನ್ನಡ ಮನೆಮಾತಿನವರು 2011ರ ಜನಗಣತಿಯಲ್ಲೇ ನಾಲ್ಕು ಕೋಟಿ ಮೂವತ್ತೇಳು ಲಕ್ಷ. ಅವರಿಗಿಂತ ನಾವು ದೊಡ್ಡವರು. ಆದರೆ ಅವರು ಭಾಷೆಯ ಕೆಲಸಕ್ಕೆ 1980ರಲ್ಲೇ ನೆದರ್ಲ್ಯಾಂಡ್ಸ್ ಮತ್ತು ಬೆಲ್ಜಿಯಂ ನಡುವೆ ಒಪ್ಪಂದ ಮಾಡಿಕೊಂಡು ಒಂದು ಒಕ್ಕೂಟ ಕಟ್ಟಿದರು, 2004ರಲ್ಲಿ ಸುರಿನಾಮ್ ಜೊತೆ ಸೇರಿತು. ಡಚ್‌ನಿಂದ ತಮ್ಮ ಭಾಷೆಗೆ ಅನುವಾದ ಮಾಡುವವರು ಬಂದು ಉಳಿದು ಕೆಲಸ ಮಾಡಲು ಆಮ್ಸ್ಟರ್‌ಡ್ಯಾಮ್‌ನಲ್ಲಿ ಒಂದು ಮನೆಯನ್ನೇ ಇಟ್ಟಿದ್ದಾರೆ. ಅನುವಾದಕ್ಕೆ ಕೊಡುವ ಮಾರ್ಟಿನುಸ್ ನೈಹೋಫ್ ಪ್ರಶಸ್ತಿ 1955ರಿಂದ ಇದೆ. ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ 1993ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ಫ್ಲಾಂಡರ್ಸ್ ಮತ್ತು ನೆದರ್ಲ್ಯಾಂಡ್ಸ್ ಜೊತೆಯಾಗಿ ಗೌರವ ಅತಿಥಿಗಳಾಗಿದ್ದವು. ನೀವು ನೋಡುವ ಸಂಜೆಗಳ ಹಿಂದೆ ಇಷ್ಟೆಲ್ಲ ಇದೆ.

ಅನ್ನೆ ಫ್ರಾಂಕ್‌ಳ ದಿನಚರಿ ನಮ್ಮಲ್ಲಿ ಎಷ್ಟು ಮಕ್ಕಳು ಓದಿದ್ದಾರೆ. ಅವಳು ಜರ್ಮನಿಯಲ್ಲಿ ಹುಟ್ಟಿದ ಹುಡುಗಿ, ಬರೆದದ್ದು ಡಚ್‌ನಲ್ಲಿ. ಅದೂ ಡಚ್ ಸಾಹಿತ್ಯ ಅಂತ ನಮಗೆ ಹೊಳೆಯುವುದೇ ಇಲ್ಲ, ಯಾಕೆಂದರೆ ನಡುವೆ ನಿಂತ ಅನುವಾದಕರನ್ನು ನಾವು ನೋಡಿಯೇ ಇಲ್ಲ. ಅಲ್ಲಿರುವ ನಿಮ್ಮಲ್ಲಿ ಯಾರಾದರೂ ಡಚ್ ಚೆನ್ನಾಗಿ ಕಲಿತವರು, ಕನ್ನಡ ಚೆನ್ನಾಗಿ ಬರೆಯುವವರು ಇದ್ದರೆ ದಯವಿಟ್ಟು ನೇರವಾಗಿ ಒಂದು ಸಣ್ಣ ಕತೆಯನ್ನಾದರೂ ತನ್ನಿ. ಇಂಗ್ಲಿಷ್ ಮೂಲಕ ಸುತ್ತಿ ಬರುವುದು ಎಷ್ಟು ದಿನ?

ಹೊಸಹಳ್ಳಿ ಕಡೆಯವನು

ನಮ್ಮೂರು ಶಿವಮೊಗ್ಗದ ಹತ್ತಿರ, ತುಂಗಾ ನದಿಯ ದಂಡೆ. ಮತ್ತೂರು-ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು ಅಂತ ನಿಮಗೆಲ್ಲ ಗೊತ್ತು. ಈ ಚರ್ಚೆ ಓದುತ್ತಾ ನನಗೆ ಅದೇ ನೆನಪಾಗುತ್ತಿತ್ತು. ಗಮಕದಲ್ಲೂ ಇಬ್ಬರು. ಒಬ್ಬರು ಕುಮಾರವ್ಯಾಸನ ಪದ್ಯವನ್ನು ರಾಗದಲ್ಲಿ ಓದುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಪದ್ಯ ಪೂರ್ತಿ ಕೇಳಿದ ಮೇಲೆಯೇ ವ್ಯಾಖ್ಯಾನ. ವ್ಯಾಖ್ಯಾನ ಮಾಡುವವರಿಗೆ ಪದ್ಯ ಬಾಯಿಪಾಠ ಇರುತ್ತದೆ, ಹಿಂದಿನ ಸಂಧಿಯಲ್ಲಿ ಏನಾಯಿತು, ಮುಂದೆ ಏನಾಗುತ್ತದೆ ಎಲ್ಲ ಗೊತ್ತಿರುತ್ತದೆ. ಕೂತವರು ಕತೆ ಗೊತ್ತಿದ್ದೇ ಬಂದಿರುತ್ತಾರೆ, ಆದರೂ ಬರುತ್ತಾರೆ.

ಮೇಷ್ಟ್ರು ಹೇಳಿದ ಹಾಗೆ ಓದು ಒಬ್ಬರೇ ಮಾಡುವ ಕೆಲಸ ಅನ್ನುವುದು ನಮ್ಮ ಊರಿನ ಮಟ್ಟಿಗಂತೂ ಹೊಸ ಮಾತು. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಇಡೀ ಮಹಾಭಾರತ ಗೊತ್ತಿತ್ತು.

ಬಸವನಗುಡಿ ಮೇಷ್ಟ್ರು

ಹೊಸಹಳ್ಳಿಯವರೇ, ಒಳ್ಳೆಯ ಏಟು ಕೊಟ್ಟಿರಿ. ಗಮಕವನ್ನು ನಾನೂ ಬಹಳ ಕೇಳಿದ್ದೇನೆ. ಆದರೆ ನೀವೇ ಹೇಳಿದ್ದನ್ನು ಸ್ವಲ್ಪ ನೋಡಿ. ವ್ಯಾಖ್ಯಾನಕಾರರು ಕುಮಾರವ್ಯಾಸನನ್ನು ಕರೆದು "ನಿನ್ನ ಬಾಲ್ಯ ಹೇಗಿತ್ತು" ಅಂತ ಕೇಳುವುದಿಲ್ಲ, ಕೇಳಲು ಅವನು ಅಲ್ಲಿ ಇಲ್ಲ. ಪದ್ಯ ಮಾತ್ರ ಇದೆ. ನನಗೆ ಬೇಕಾದದ್ದೂ ಅದೇ. ಲೇಖಕರು ಬರಲಿ, ಓದಲಿ, ಯಾರಾದರೂ ಪುಸ್ತಕದ ಬಗ್ಗೆ ಮಾತಾಡಲಿ. ಲೇಖಕರ ಮನೆ, ಮದುವೆ, ರೋಗ, ರಾಜಕೀಯ ನಿಲುವು ಇವೆಲ್ಲ ಆ ಸಂಜೆಗೆ ಬೇಡ. ಬರೀ ಓದುವ ರಾತ್ರಿ ಒಂದು ಇದ್ದರೆ ಹೇಳಿ, ಮುಂದಿನ ಸಲ ಬಂದಾಗ ಹೋಗುತ್ತೇನೆ.

ಉಟ್ರೆಕ್ಟ್ ಓದುಗ

ಇದೆ ಮೇಷ್ಟ್ರೇ, ನಮ್ಮ ಊರಿನಲ್ಲೇ ಇದೆ. ನಖ್ಟ್ ಫಾನ್ ಡೆ ಪೊಯೆಜೀ, ಕವಿತೆಯ ರಾತ್ರಿ. 1980ರ ದಶಕದಿಂದ ನಡೆಯುತ್ತಿರುವುದು. ರಾತ್ರಿ ಎಂಟಕ್ಕೆ ಶುರುವಾಗಿ ಬೆಳಗಿನ ಜಾವ ಮೂರರವರೆಗೆ. ಸುಮಾರು ಇಪ್ಪತ್ತು ಕವಿಗಳು, ನೆದರ್ಲ್ಯಾಂಡ್ಸ್‌ನವರು, ಫ್ಲಾಂಡರ್ಸ್‌ನವರು, ಒಬ್ಬರಾದ ಮೇಲೆ ಒಬ್ಬರು ಬಂದು ಓದುತ್ತಾರೆ, ನಡುನಡುವೆ ಸಂಗೀತವೋ ಮತ್ತೊಂದೋ. ಸಂದರ್ಶನ ಇಲ್ಲ. ನಿರೂಪಕರು ಕವಿಯನ್ನು ನಾಲ್ಕು ಮಾತಿನಲ್ಲಿ ಕರೆದು ಪಕ್ಕಕ್ಕೆ ಸರಿಯುತ್ತಾರೆ.

ಅದು ನಡೆಯುವ ಟಿವೊಲಿ ಫ್ರೇಡನ್‌ಬರ್ಗ್‌ನ ದೊಡ್ಡ ಸಭಾಂಗಣ ಹರ್ಮನ್ ಹರ್ಟ್ಸ್‌ಬರ್ಗರ್ ಕಟ್ಟಿದ್ದು, 1979ರಲ್ಲಿ ತೆರೆದದ್ದು. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿಗಳು, ಕೆಳಗೆ ವೇದಿಕೆ. ಯಾವ ಮೂಲೆಯಲ್ಲಿ ಕೂತರೂ ಕವಿಯ ಮುಖ ಕಾಣುತ್ತದೆ, ಪಿಸುಮಾತೂ ಕೇಳಿಸುತ್ತದೆ. ಸಾವಿರಾರು ಜನ ಬರುತ್ತಾರೆ, ಕವಿತೆ ಕೇಳುವುದಕ್ಕೆ, ದುಡ್ಡು ಕೊಟ್ಟು! ಹನ್ನೆರಡರ ಹೊತ್ತಿಗೆ ಕೆಲವರು ಎದ್ದು ಹೋಗುತ್ತಾರೆ. ಒಂದೂವರೆ, ಎರಡರ ಹೊತ್ತಿಗೆ ಉಳಿದವರು ನಿಜವಾಗಿ ಕೇಳುವವರು. ಆಗ ಓದುವ ಕವಿಗೆ ಸಿಗುವ ಗಮನವೇ ಬೇರೆ.

ಇದರ ಬೇರು ಇನ್ನೂ ಹಿಂದೆ ಹೋಗುತ್ತದೆ. 1966ರಲ್ಲಿ ಸಿಮೊನ್ ಫಿಂಕನೋಖ್ ಆಮ್ಸ್ಟರ್‌ಡ್ಯಾಮ್‌ನ ಕಾರೆ ರಂಗಮಂದಿರದಲ್ಲಿ ಕವಿಗಳನ್ನು ಸೇರಿಸಿ ಒಂದು ದೊಡ್ಡ ರಾತ್ರಿ ಮಾಡಿದರು. ಕಾರೆ ಅಂದರೆ ಸರ್ಕಸ್‌ಗೆಂದು ಕಟ್ಟಿದ್ದು. ರೋಟರ್‌ಡ್ಯಾಮ್‌ನ ಯೂಲ್ಸ್ ಡೇಲ್ಡರ್ ಅಂಥವರು ಇಂಥ ವೇದಿಕೆಗಳಲ್ಲೇ ಬೆಳೆದವರು. ಕಪ್ಪು ಸೂಟು, ಹಿಂದಕ್ಕೆ ಬಾಚಿದ ಕೂದಲು, ಗುಂಡು ಹಾರಿಸಿದ ವೇಗದಲ್ಲಿ ಓದು, ಜಾಜ್ ಅಂದರೆ ಪ್ರಾಣ. 2019ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಹಳೆಯ ವಿಡಿಯೋಗಳನ್ನು ನೋಡಿ, ಭಾಷೆ ಬಾರದಿದ್ದರೂ ನೋಡಿ.

ಆದರೆ ಕಾದಂಬರಿಗೆ ಈ ಮಾದರಿ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಐದು ನಿಮಿಷದಲ್ಲಿ ಒಂದು ಕವಿತೆ ಪೂರ್ತಿ ಆಗುತ್ತದೆ. ಮುನ್ನೂರು ಪುಟದ ಕಾದಂಬರಿಯಿಂದ ಎರಡು ಪುಟ ಓದಿದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅಂತ ಯಾರಾದರೂ ಹೇಳಬೇಕು. ಅಲ್ಲಿ ಹೊಸಹಳ್ಳಿಯವರು ಹೇಳಿದ ವ್ಯಾಖ್ಯಾನಕಾರರು ಬೇಕೇ ಬೇಕು. ಪುಸ್ತಕ ಅಷ್ಟೇ ಚೆನ್ನಾಗಿ ಗೊತ್ತಿರುವವರು.

ಗೆಂಟ್ ಹುಡುಗ

ಈ ಮಾತು ಒಪ್ಪಿದೆ. ಸಂದರ್ಶಕರಿಗೂ ಸರಿಯಾಗಿ ಸಂಭಾವನೆ ಕೊಡಬೇಕು ಅನ್ನುವುದನ್ನೂ ಸೇರಿಸಿ. ಮುನ್ನೂರು ಪುಟ ಓದಿ, ಅದೇ ಲೇಖಕರ ಹಿಂದಿನ ಎರಡು ಪುಸ್ತಕ ಓದಿ, ಪ್ರಶ್ನೆ ಬರೆದುಕೊಂಡು ಬರುವುದು ಒಂದು ವಾರದ ಕೆಲಸ. ಪುಕ್ಕಟೆ ಮಾಡಿ ಅಂದರೆ ಹಿಂಬದಿಯ ಹೊದಿಕೆ ಓದಿಕೊಂಡೇ ಬರುತ್ತಾರೆ.

ಬ್ರಸೆಲ್ಸ್ ಕಡೆ ಇರುವವರಿಗೆ: ಡೆ ಬ್ಯೂರನ್ ಅಂತ ಫ್ಲಾಂಡರ್ಸ್-ನೆದರ್ಲ್ಯಾಂಡ್ಸ್ ಎರಡೂ ಸೇರಿ ನಡೆಸುವ ಮನೆ ಇದೆ, ಪಾಸ್ಸಾ ಪೋರ್ಟಾ ಅನ್ನುವ ಸಾಹಿತ್ಯದ ಮನೆ ಇದೆ. ಪಾಸ್ಸಾ ಪೋರ್ಟಾದಲ್ಲಿ ಡಚ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ಕಾರ್ಯಕ್ರಮ ಇರುತ್ತವೆ. ಅಲ್ಲಿ ಅನುವಾದಕರು ವೇದಿಕೆ ಮೇಲೆ ಕೂತದ್ದನ್ನು ನೋಡಿದ್ದೇನೆ, ಮೈಸೂರಿನ ಮೇಡಂಗೆ ಖುಷಿ ಆಗಲಿ ಅಂತ ಹೇಳಿದೆ.

ಅನುವಾದಕಿ, ಮೈಸೂರು

ಖುಷಿ ಆಯಿತು. ಮುಂದಿನ ಸಲ ಹೋದಾಗ ಅನುವಾದಕರನ್ನು ಏನು ಕೇಳಿದರು ಅಂತ ಬರೆದು ತಿಳಿಸಿ. "ಕಷ್ಟ ಆಯಿತಾ" ಅಂತ ಮಾತ್ರ ಕೇಳಿದ್ದರೆ ಅದನ್ನೂ ಬರೆಯಿರಿ.

ಆಮ್ಸ್ಟಲ್‌ವೇನ್ ಹೊಸಬಳು

ಅಕ್ಕ, ನಮ್ಮ ಲೈಬ್ರರಿಯ ಪಟ್ಟಿ ನೋಡಿದೆ. ಮುಂದಿನ ಗುರುವಾರ ಒಬ್ಬ ಕಾದಂಬರಿಕಾರರು ಬರುತ್ತಿದ್ದಾರೆ. ಪುಸ್ತಕ ತಂದಿದ್ದೇನೆ, ಮೊದಲ ಅಧ್ಯಾಯ ಅರ್ಧ ಆಗಿದೆ. ಟಿಕೆಟ್ ತೆಗೆದುಕೊಂಡೆ. ಸಹಿ ಹಾಕಿಸಿಕೊಳ್ಳುವಾಗ ಏನಾದರೂ ಕೇಳಬಹುದಾ, ಅಥವಾ ಹಿಂದೆ ಸಾಲು ಇರುತ್ತದೆ ಅಂತ ಬೇಗ ಸರಿಯಬೇಕಾ?

ಹೇಗ್ ಅಕ್ಕ

ಒಂದು ಪ್ರಶ್ನೆ ಕೇಳಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪುಟದ ಸಂಖ್ಯೆ ಹಿಡಿದು ಕೇಳು, ಲೇಖಕರಿಗೆ ಅದಕ್ಕಿಂತ ಸಂತೋಷ ಇಲ್ಲ. ಜನವರಿಯಲ್ಲಿ ವಿಂಟರ್‌ನಖ್ಟನ್‌ಗೆ ನಾನು ಹೇಗೂ ಹೋಗುತ್ತೇನೆ. ಬರುವವರು ಇದರ ಕೆಳಗೆ ಬರೆಯಿರಿ, ಪಕ್ಕಪಕ್ಕದ ಸೀಟು ತೆಗೆದುಕೊಳ್ಳೋಣ. ರಾತ್ರಿ ತಡವಾದರೆ ಕೊನೆಯ ರೈಲು ನೋಡಿಕೊಂಡು ಬನ್ನಿ. ಆಗದವರಿಗೆ ನಮ್ಮ ಮನೆಯಲ್ಲಿ ಜಾಗ ಇದೆ.